ರಾಕ್‌ಫೆಲ್ಲರ್ ಕಾನೂನುಗಳು: ನ್ಯಾಯಾಧೀಶರ ಕೈ ಕಟ್ಟಿದ ಶಾಸನ, ಅದನ್ನು ಬಿಚ್ಚಿಸಿದ ಚಳವಳಿ

ಏನಿದು ರಾಕ್‌ಫೆಲ್ಲರ್ ಕಾನೂನು

ಅಮೆರಿಕದ ನ್ಯೂಯಾರ್ಕ್ ರಾಜ್ಯವು 1973ರಲ್ಲಿ ಮಾದಕ ವಸ್ತುಗಳನ್ನು ಮಾರುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಆ ದೇಶದಲ್ಲಿಯೇ ಅತ್ಯಂತ ಕಠಿಣವೆನಿಸಿದ ಶಿಕ್ಷೆಗಳನ್ನು ನಿಗದಿಪಡಿಸಿತು. ಅಂದಿನ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಅವರ ಒತ್ತಾಸೆಯಿಂದ ರೂಪುಗೊಂಡ ಈ ಶಾಸನಗಳಿಗೆ ಅವರ ಹೆಸರೇ ನಿಂತಿತು. ಒಂದು ಔನ್ಸ್ ಹೆರಾಯಿನ್ ಅಥವಾ ಕೊಕೇನ್ ಮಾರಿದವರಿಗೆ, ಎರಡು ಔನ್ಸ್ ಇಟ್ಟುಕೊಂಡವರಿಗೆ ಕನಿಷ್ಠ 15 ವರ್ಷದಿಂದ ಜೀವಾವಧಿಯವರೆಗಿನ ಸೆರೆವಾಸ ಕಡ್ಡಾಯವಾಯಿತು. ಎರಡು ಔನ್ಸ್ ಎಂದರೆ ಸುಮಾರು 57 ಗ್ರಾಂ. ನಮ್ಮ ಹಳೆಯ ಲೆಕ್ಕದಲ್ಲಿ ಐದು ತೊಲಕ್ಕಿಂತ ತುಸು ಕಡಿಮೆ. ಅದೇ ರಾಜ್ಯದಲ್ಲಿ ಎರಡನೆಯ ದರ್ಜೆಯ ಕೊಲೆಗೂ ಕನಿಷ್ಠ ಶಿಕ್ಷೆ ಇಷ್ಟೇ ಇತ್ತು.

ಈ ಕಾನೂನನ್ನು ಸಡಿಲಿಸಲು ಕೈದಿಗಳ ತಾಯಂದಿರು, ಬಿಡುಗಡೆಯಾದ ಕೈದಿಗಳು, ವಕೀಲರು, ಕಲಾವಿದರು ಮತ್ತು ಕೆಲವು ಶಾಸಕರು ನಡೆಸಿದ ಹೋರಾಟ 2009ರಲ್ಲಿ ಬಹುಮಟ್ಟಿಗೆ ಫಲಿಸಿತು. ಕಾನೂನು ಹುಟ್ಟಿ ಆಗ 36 ವರ್ಷಗಳಾಗಿದ್ದವು.

ಹಿನ್ನೆಲೆ

ರಾಕ್‌ಫೆಲ್ಲರ್ ಮೊದಲಿನಿಂದಲೂ ಕಠೋರವಾದಿಯಾಗಿರಲಿಲ್ಲ. ರಿಪಬ್ಲಿಕನ್ ಪಕ್ಷದ ಉದಾರ ಬಣದ ಮುಂದಾಳಾಗಿದ್ದ ಅವರ ಆಡಳಿತದಲ್ಲಿಯೇ, 1962ರಲ್ಲಿ, ಬಂಧಿತ ವ್ಯಸನಿಯು ಸೆರೆಮನೆಗೆ ಬದಲಾಗಿ ಚಿಕಿತ್ಸೆಯನ್ನು ಆಯ್ದುಕೊಳ್ಳಲು ಅವಕಾಶ ನೀಡುವ ಮೆಟ್‌ಕಾಫ್–ವೋಲ್ಕರ್ ಕಾಯ್ದೆ ಬಂತು. 1966ರಲ್ಲಿ ಕಡ್ಡಾಯ ಚಿಕಿತ್ಸೆಯ ದೊಡ್ಡ ಯೋಜನೆಯೊಂದು ಆರಂಭವಾಯಿತು. ಅದಕ್ಕೆ ಅಪಾರ ಹಣ ಸುರಿದರೂ ಹೆರಾಯಿನ್ ಪಿಡುಗು ತಗ್ಗಲಿಲ್ಲ. 1973ರ ಜನವರಿಯಲ್ಲಿ ಶಾಸಕಾಂಗವನ್ನು ಉದ್ದೇಶಿಸಿ ಮಾಡಿದ ವಾರ್ಷಿಕ ಭಾಷಣದಲ್ಲಿ ರಾಕ್‌ಫೆಲ್ಲರ್ ಪೂರ್ತಿ ತಿರುಗಿ ನಿಂತು, ಮಾದಕ ವಸ್ತು ಮಾರುವವರೆಲ್ಲರಿಗೂ ಜೀವಾವಧಿ ಶಿಕ್ಷೆಯೇ ಆಗಬೇಕೆಂಬ ಪ್ರಸ್ತಾವ ಮುಂದಿಟ್ಟರು. ಅಧ್ಯಕ್ಷ ಪದವಿಯ ಮೇಲೆ ಅವರಿಗಿದ್ದ ಕಣ್ಣು ಈ ತಿರುವಿಗೆ ಒಂದು ಕಾರಣವೆಂದು ಅನೇಕ ಇತಿಹಾಸಕಾರರು ಭಾವಿಸುತ್ತಾರೆ. 1974ರ ಡಿಸೆಂಬರಿನಲ್ಲಿ ಅವರು ಉಪಾಧ್ಯಕ್ಷರಾದರು, ಅಧ್ಯಕ್ಷರಾಗಲಿಲ್ಲ.

ನ್ಯೂಯಾರ್ಕ್ ನಗರದ ಮೇಯರ್ ಜಾನ್ ಲಿಂಡ್ಸೆ ಈ ಮಸೂದೆಯನ್ನು ವಿರೋಧಿಸಿದರು. ನ್ಯಾಯಾಧೀಶರಲ್ಲಿಯೂ ವಕೀಲರಲ್ಲಿಯೂ ಆಕ್ಷೇಪಗಳಿದ್ದವು. ಆದರೆ ಬೆಂಬಲವೂ ಇತ್ತು. ಹಾರ್ಲೆಮ್‌ನಂತಹ ಕಪ್ಪು ಜನರ ಬಡಾವಣೆಗಳಲ್ಲಿ ಹೆರಾಯಿನ್‌ನಿಂದಲೂ ಅದರ ಬೆನ್ನಿಗೆ ಬಂದ ಕಳವು, ಸುಲಿಗೆಗಳಿಂದಲೂ ಬೇಸತ್ತಿದ್ದ ಕೆಲವು ಧರ್ಮಗುರುಗಳು ಮತ್ತು ಸ್ಥಳೀಯ ಮುಖಂಡರು ಗವರ್ನರ್ ಪಕ್ಕದಲ್ಲಿ ನಿಂತರು. ಮುಂದೆ ಇದೇ ಬಡಾವಣೆಗಳ ಮಕ್ಕಳಿಂದ ಸೆರೆಮನೆಗಳು ತುಂಬಿದವು. ಈ ಬೆಂಬಲವನ್ನು ಮರೆಮಾಚಿ ಇತಿಹಾಸ ಬರೆಯುವುದು ಸರಿಯಲ್ಲ. ಅವರ ಸಂಕಟ ನಿಜವಾಗಿತ್ತು, ಕೊಟ್ಟ ಮದ್ದು ತಪ್ಪಾಗಿತ್ತು.

1973ರ ಮೇ 8ರಂದು ರಾಕ್‌ಫೆಲ್ಲರ್ ಸಹಿ ಹಾಕಿದರು. ಸೆಪ್ಟೆಂಬರ್ 1ರಿಂದ ಕಾನೂನು ಜಾರಿಗೆ ಬಂತು.

ತೂಕದಿಂದ ಶಿಕ್ಷೆ: ಕಾನೂನು ಕೆಲಸ ಮಾಡಿದ ಬಗೆ

ಸಾಮಾನ್ಯವಾಗಿ ಕ್ರಿಮಿನಲ್ ಪ್ರಕರಣದಲ್ಲಿ ಆರೋಪ ಸಾಬೀತಾದ ಮೇಲೆ ನ್ಯಾಯಾಧೀಶರು ಅಪರಾಧಿಯ ವಯಸ್ಸು, ಪೂರ್ವಚರಿತ್ರೆ, ಕೃತ್ಯದಲ್ಲಿ ಅವನ ಪಾತ್ರ, ಮನೆಯ ಪರಿಸ್ಥಿತಿ ಮುಂತಾದುವನ್ನು ತೂಗಿನೋಡಿ ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುತ್ತಾರೆ. ಇದನ್ನು ವಿವೇಚನಾಧಿಕಾರ ಎನ್ನುತ್ತಾರೆ. ಕಡ್ಡಾಯ ಕನಿಷ್ಠ ಶಿಕ್ಷೆಯ ಪದ್ಧತಿಯು ಈ ಅಧಿಕಾರಕ್ಕೆ ಮಿತಿ ಹಾಕುತ್ತದೆ. ರಾಕ್‌ಫೆಲ್ಲರ್ ಕಾನೂನಿನಲ್ಲಿ ಆ ಮಿತಿ ಎಷ್ಟು ಬಿಗಿಯಾಗಿತ್ತೆಂದರೆ, ‘ಎ–1’ ಎಂಬ ಅತ್ಯುನ್ನತ ದರ್ಜೆಯ ಅಪರಾಧದಲ್ಲಿ ನ್ಯಾಯಾಧೀಶರಿಗೆ ಉಳಿದ ಆಯ್ಕೆ ಒಂದೇ: ಪೆರೋಲ್ ಮಂಡಳಿಯ ಮುಂದೆ ಹೋಗುವ ಮೊದಲು ಕೈದಿ 15 ವರ್ಷ ಕಳೆಯಬೇಕೇ, 25 ವರ್ಷ ಕಳೆಯಬೇಕೇ ಅಥವಾ ನಡುವಿನ ಯಾವುದೋ ಒಂದು ಅವಧಿಯೇ ಎಂಬುದು. ಜೀವಾವಧಿಯ ತೂಗುಗತ್ತಿ ಎಲ್ಲರ ಮೇಲೂ ಇತ್ತು.

ಯಾವ ದರ್ಜೆ ಎಂಬುದನ್ನು ವಸ್ತುವಿನ ತೂಕ ನಿರ್ಧರಿಸುತ್ತಿತ್ತು. ಅದೂ ಶುದ್ಧ ಮಾದಕಾಂಶದ ತೂಕವಲ್ಲ. ಬೆರಕೆಯ ಪುಡಿಯೂ ಸೇರಿದ ಒಟ್ಟು ಮಿಶ್ರಣದ ತೂಕ. ಸರಕನ್ನು ತಂದು ಮುಟ್ಟಿಸುವ ಕೂಲಿಗೂ ಸರಕಿನ ಒಡೆಯನಿಗೂ ತಕ್ಕಡಿಯ ಮುಂದೆ ವ್ಯತ್ಯಾಸವಿರಲಿಲ್ಲ. ತನ್ನ ಕೈಯಲ್ಲಿರುವುದು ಎಷ್ಟು ತೂಗುತ್ತದೆಂದು ಆರೋಪಿಗೆ ತಿಳಿದಿತ್ತೆಂಬುದನ್ನು ಸರ್ಕಾರ ಸಾಬೀತುಪಡಿಸಬೇಕೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯವು 1993ರಲ್ಲಿ ತೀರ್ಪು ನೀಡಿತು. ಎರಡೇ ವರ್ಷದಲ್ಲಿ ಶಾಸಕಾಂಗವು ತಿದ್ದುಪಡಿ ತಂದು ಆ ರಕ್ಷಣೆಯನ್ನೂ ಕಿತ್ತುಹಾಕಿತು.

ನ್ಯಾಯಾಧೀಶರಿಂದ ಕಸಿದ ಅಧಿಕಾರ ಮಾಯವಾಗಲಿಲ್ಲ. ಸರ್ಕಾರದ ಪರ ಮೊಕದ್ದಮೆ ನಡೆಸುವ ಡಿಸ್ಟ್ರಿಕ್ಟ್ ಅಟಾರ್ನಿಯ ಮೇಜಿಗೆ ಹೋಯಿತು. ಯಾವ ದರ್ಜೆಯ ಆರೋಪ ಹೊರಿಸಬೇಕು, ತಪ್ಪೊಪ್ಪಿಕೊಂಡರೆ ಎಷ್ಟು ರಿಯಾಯಿತಿ ಕೊಡಬೇಕು ಎಂಬುದನ್ನು ನಿರ್ಧರಿಸುವವರು ಅವರೇ. ಆರೋಪವೇ ಶಿಕ್ಷೆಯನ್ನು ನಿಗದಿ ಮಾಡುವಾಗ, ಆರೋಪ ಹೊರಿಸುವವರೇ ಶಿಕ್ಷೆ ಕೊಟ್ಟಂತೆ. ಪೊಲೀಸರಿಗೆ ಇತರರ ಹೆಸರು ಕೊಟ್ಟವರಿಗೆ ಶಿಕ್ಷೆ ಇಳಿಯುತ್ತಿತ್ತು. ಜಾಲದ ಮೇಲ್ತುದಿಯಲ್ಲಿದ್ದವರ ಬಳಿ ಕೊಡಲು ಹೆಸರುಗಳಿದ್ದವು. ಒಂದು ಪೊಟ್ಟಣವನ್ನು ಒಂದು ಸಲ ಸಾಗಿಸಿ ಸಿಕ್ಕಿಬಿದ್ದವರ ಬಳಿ ಏನೂ ಇರುತ್ತಿರಲಿಲ್ಲ. ಈ ಕಾನೂನಿನ ಅತಿ ದೊಡ್ಡ ಅನ್ಯಾಯ ಇರುವುದು ಇಲ್ಲಿ.

ಕನ್ನಡ ಓದುಗರಿಗೆ ಈ ತೂಕದ ಲೆಕ್ಕ ಅಪರಿಚಿತವೇನಲ್ಲ. ಭಾರತದ 1985ರ ಮಾದಕದ್ರವ್ಯ ಕಾಯ್ದೆ, ಅಂದರೆ ಪತ್ರಿಕೆಗಳಲ್ಲಿ ನಿತ್ಯ ಕಾಣುವ ಎನ್‌ಡಿಪಿಎಸ್ ಕಾಯ್ದೆಯೂ ಕಡ್ಡಾಯ ಕನಿಷ್ಠ ಶಿಕ್ಷೆಯನ್ನು ಒಳಗೊಂಡಿದೆ. 2001ರ ತಿದ್ದುಪಡಿಯ ನಂತರ ‘ಅಲ್ಪ ಪ್ರಮಾಣ’ ಮತ್ತು ‘ವಾಣಿಜ್ಯ ಪ್ರಮಾಣ’ ಎಂಬ ವಿಂಗಡಣೆ ಬಂತು. ಹೆರಾಯಿನ್ 250 ಗ್ರಾಂ, ಗಾಂಜಾ 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ 10 ವರ್ಷ ಕಠಿಣ ಸೆರೆವಾಸ. ಬೆರಕೆಯನ್ನೂ ಸೇರಿಸಿ ತೂಗಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು.

ಪರಿಣಾಮ

ನ್ಯೂಯಾರ್ಕ್ ನಗರದ ವಕೀಲರ ಸಂಘವು ಮತ್ತೊಂದು ಸಂಸ್ಥೆಯೊಡನೆ ಸೇರಿ ಕಾನೂನಿನ ಮೊದಲ ವರ್ಷಗಳನ್ನು ಅಧ್ಯಯನ ಮಾಡಿಸಿತು. ಸುಮಾರು 3.2 ಕೋಟಿ ಡಾಲರ್ ವೆಚ್ಚದ ಬಳಿಕ, 1976ರ ಮಧ್ಯಭಾಗದಲ್ಲಿ ಹೆರಾಯಿನ್ ಬಳಕೆ ಹಿಂದಿನಷ್ಟೇ ಇತ್ತೆಂದು ಆ ವರದಿ ತಿಳಿಸಿತು. ಅಂದರೆ ಜಾರಿಯಾದ ನಾಲ್ಕೈದು ವರ್ಷಗಳೊಳಗೇ ಕಾನೂನಿನ ವೈಫಲ್ಯ ದಾಖಲಾಗಿತ್ತು. 1977ರಲ್ಲಿ ಗಾಂಜಾವನ್ನು ಇದರ ವ್ಯಾಪ್ತಿಯಿಂದ ಹೊರಗಿಟ್ಟರು. 1979ರಲ್ಲಿ ತೂಕದ ಮಿತಿಯನ್ನು ಮಾರಾಟಕ್ಕೆ ಎರಡು ಔನ್ಸ್‌ಗೂ ಸ್ವಾಧೀನಕ್ಕೆ ನಾಲ್ಕು ಔನ್ಸ್‌ಗೂ ಏರಿಸಿದರು. ಮೂಲ ಚೌಕಟ್ಟು ಹಾಗೆಯೇ ಉಳಿಯಿತು. ಶಿಕ್ಷೆ ಕ್ರೂರವೆಂಬ ವಾದವನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 1975ರಲ್ಲಿಯೇ ತಳ್ಳಿಹಾಕಿತ್ತು. ಹೀಗಾಗಿ ಉಳಿದದ್ದು ರಾಜಕೀಯದ ದಾರಿ ಮಾತ್ರ.

1973ರಲ್ಲಿ ರಾಜ್ಯದ ಸೆರೆಮನೆಗಳಲ್ಲಿ ಸುಮಾರು 12,500 ಕೈದಿಗಳಿದ್ದರು. 1999ರ ವೇಳೆಗೆ ಆ ಸಂಖ್ಯೆ 71,000 ದಾಟಿತು. ಮಾದಕ ವಸ್ತು ಪ್ರಕರಣಗಳಲ್ಲಿ ಸೆರೆಯಾದವರ ಪೈಕಿ ಶೇ 90ಕ್ಕೂ ಹೆಚ್ಚು ಮಂದಿ ಕಪ್ಪು ಜನರು ಮತ್ತು ಲ್ಯಾಟಿನೊ ಸಮುದಾಯದವರು. ಇತರ ರಾಜ್ಯಗಳೂ ನ್ಯೂಯಾರ್ಕಿನ ಹಾದಿ ಹಿಡಿದವು. ಮಿಷಿಗನ್ 1978ರಲ್ಲಿ 650 ಗ್ರಾಂ ಕೊಕೇನ್ ಅಥವಾ ಹೆರಾಯಿನ್‌ಗೆ ಪೆರೋಲ್ ಇಲ್ಲದ ಜೀವಾವಧಿಯನ್ನು ವಿಧಿಸಿತು. ಅದಕ್ಕೆ ಸಹಿ ಹಾಕಿದ ಗವರ್ನರ್ ವಿಲಿಯಂ ಮಿಲಿಕನ್ ಅದು ತಮ್ಮ ದೊಡ್ಡ ತಪ್ಪೆಂದು ಮುಂದೆ ಬಹಿರಂಗವಾಗಿಯೇ ಹೇಳಿದರು.

ಬೀದಿಗಿಳಿದ ತಾಯಂದಿರು

ಅಂಕಿಅಂಶಗಳ ವರದಿಗಳು ಎರಡು ದಶಕ ಕಪಾಟಿನಲ್ಲಿದ್ದವು. ಚಳವಳಿಗೆ ಜೀವ ತುಂಬಿದ್ದು ಕೈದಿಗಳ ಮುಖಗಳು.

ಆಂಥನಿ ಪಾಪಾ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕಾರ್ ರೇಡಿಯೋ ಕೆಲಸ ಮಾಡಿಕೊಂಡಿದ್ದವರು. ಹಣದ ಅಡಚಣೆಯಲ್ಲಿದ್ದಾಗ ಪರಿಚಿತನೊಬ್ಬನ ಮಾತಿಗೆ ಮರುಳಾಗಿ, 500 ಡಾಲರ್‌ಗೆ ಒಂದು ಲಕೋಟೆಯನ್ನು ತಲುಪಿಸಲು ಒಪ್ಪಿದರು. ಅದರಲ್ಲಿ ನಾಲ್ಕೂವರೆ ಔನ್ಸ್ ಕೊಕೇನ್ ಇತ್ತು. ತೆಗೆದುಕೊಳ್ಳಲು ನಿಂತಿದ್ದವರು ಪೊಲೀಸರು. ಹಿಂದೆ ಯಾವ ಅಪರಾಧವನ್ನೂ ಮಾಡಿರದ ಅವರಿಗೆ 15 ವರ್ಷದಿಂದ ಜೀವಾವಧಿಯ ಶಿಕ್ಷೆಯಾಯಿತು. ಹಡ್ಸನ್ ನದಿಯ ದಂಡೆಯ ಸಿಂಗ್ ಸಿಂಗ್ ಸೆರೆಮನೆಯಲ್ಲಿ ಅವರು ಚಿತ್ರ ಬರೆಯಲು ಕಲಿತರು. ತಲೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ ಅವರ ಆತ್ಮಚಿತ್ರದ ಹೆಸರು ‘15 ವರ್ಷದಿಂದ ಜೀವಾವಧಿ’. ಅದು ನ್ಯೂಯಾರ್ಕಿನ ಪ್ರತಿಷ್ಠಿತ ವಿಟ್ನಿ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಾಗ ಪತ್ರಿಕೆಗಳ ಗಮನ ಅವರತ್ತ ಹರಿಯಿತು. 1996ರ ಕೊನೆಯಲ್ಲಿ ಗವರ್ನರ್ ಜಾರ್ಜ್ ಪಟಾಕಿ ಅವರಿಗೆ ಕ್ಷಮಾದಾನ ನೀಡಿದರು. ಪಾಪಾ ಹೊರಬರುವ ವೇಳೆಗೆ ಅವರ ಬದುಕಿನ ಹನ್ನೆರಡು ವರ್ಷಗಳು ಸೆರೆಯಲ್ಲಿ ಕಳೆದಿದ್ದವು.

ನಾಲ್ಕು ಮಕ್ಕಳ ತಾಯಿ ಎಲೇನ್ ಬಾರ್ಟ್‌ಲೆಟ್ 1983ರಲ್ಲಿ ನಾಲ್ಕು ಔನ್ಸ್ ಕೊಕೇನ್‌ನೊಂದಿಗೆ ನ್ಯೂಯಾರ್ಕ್ ನಗರದಿಂದ ರಾಜಧಾನಿ ಆಲ್ಬನಿಗೆ ರೈಲು ಹತ್ತಿದರು. ಆಕೆಯನ್ನು ಬಲೆಗೆ ಕೆಡವಿದ ಪೊಲೀಸ್ ಮಾಹಿತಿದಾರ ಸ್ವತಃ ಮಾದಕ ವಸ್ತುವಿನ ವ್ಯಾಪಾರಿ. ಮೊದಲ ಅಪರಾಧವಾದರೂ ಆಕೆಗೆ 20 ವರ್ಷದಿಂದ ಜೀವಾವಧಿಯ ಶಿಕ್ಷೆಯಾಯಿತು. 16 ವರ್ಷಗಳ ನಂತರ, 2000ದಲ್ಲಿ, ಕ್ಷಮಾದಾನ ಪಡೆದು ಹೊರಬಂದಾಗ ಮಕ್ಕಳು ದೊಡ್ಡವರಾಗಿದ್ದರು. ಪತ್ರಕರ್ತೆ ಜೆನಿಫರ್ ಗೊನರ್ಮನ್ 2004ರಲ್ಲಿ ಆಕೆಯ ಕಥೆಯನ್ನು ಪುಸ್ತಕವಾಗಿ ಬರೆದರು.

1998ರ ಮೇ 8ರಂದು, ಕಾನೂನಿಗೆ 25 ವರ್ಷ ತುಂಬಿದ ದಿನ, ಪಾಪಾ ಮತ್ತು ಹಾಸ್ಯ ಕಲಾವಿದ ರ‍್ಯಾಂಡಿ ಕ್ರೆಡಿಕೊ ಕೈದಿಗಳ ಕುಟುಂಬಗಳನ್ನು ಒಗ್ಗೂಡಿಸಿ ಮ್ಯಾನ್‌ಹಟನ್‌ನ ರಾಕ್‌ಫೆಲ್ಲರ್ ಸೆಂಟರ್ ಎದುರು ನಿಂತರು. ಸಂಘಟನೆಗೆ ‘ನ್ಯೂಯಾರ್ಕಿನ ಕಾಣೆಯಾದವರ ತಾಯಂದಿರು’ ಎಂದು ಹೆಸರಿಟ್ಟರು. ಅರ್ಜೆಂಟೀನಾದ ಸೇನಾಡಳಿತದಲ್ಲಿ ಕಣ್ಮರೆಯಾದ ಮಕ್ಕಳಿಗಾಗಿ ಮೇ ಚೌಕದಲ್ಲಿ ನಡೆದ ತಾಯಂದಿರೇ ಅವರಿಗೆ ಮಾದರಿ. ಇಲ್ಲಿಯೂ ವಯಸ್ಸಾದ ತಾಯಂದಿರು ಸೆರೆಯಲ್ಲಿದ್ದ ಮಗನ, ಮಗಳ ಭಾವಚಿತ್ರವನ್ನು ಎದೆಗೆ ಹಿಡಿದು ನಿಲ್ಲುತ್ತಿದ್ದರು. ಮೊಮ್ಮಕ್ಕಳು ಪಕ್ಕದಲ್ಲಿರುತ್ತಿದ್ದರು. ಮಾದಕ ವಸ್ತು ಮಾರಾಟಗಾರ ಎಂಬ ಪದ ಕೇಳಿದೊಡನೆ ಮತದಾರರ ಮನಸ್ಸಿನಲ್ಲಿ ಮೂಡುತ್ತಿದ್ದ ಚಿತ್ರವನ್ನು ಈ ಭಾವಚಿತ್ರಗಳು ಒಡೆದವು. ಚಳವಳಿಯ ಎಲ್ಲ ತಂತ್ರಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ಹೇಳಬಹುದು.

ಇದರ ಜೊತೆಗೆ ರಾಬರ್ಟ್ ಗ್ಯಾಂಗಿ ನೇತೃತ್ವದ ಕರೆಕ್ಷನಲ್ ಅಸೋಸಿಯೇಷನ್ ‘ಡ್ರಾಪ್ ದ ರಾಕ್’ ಎಂಬ ಅಭಿಯಾನ ನಡೆಸಿತು. ಡ್ರಗ್ ಪಾಲಿಸಿ ಅಲಯನ್ಸ್ ಶಾಸಕರ ಬೆನ್ನು ಹತ್ತಿತು. ರಾಜ್ಯದ ಮುಖ್ಯ ನ್ಯಾಯಾಧೀಶೆ ಜುಡಿತ್ ಕೇ ವ್ಯಸನಿಗಳನ್ನು ಚಿಕಿತ್ಸೆಗೆ ಕಳುಹಿಸುವ ವಿಶೇಷ ನ್ಯಾಯಾಲಯಗಳನ್ನು ರಾಜ್ಯವ್ಯಾಪಿಯಾಗಿ ವಿಸ್ತರಿಸಲು 2000ದಲ್ಲಿ ಮುಂದಾದರು.

ಶಾಸಕಾಂಗದೊಳಗಿನ ಗೋಡೆ

ಕಾನೂನು ತಪ್ಪೆಂದು ಆಲ್ಬನಿಯಲ್ಲಿ ಖಾಸಗಿಯಾಗಿ ಒಪ್ಪುವವರಿಗೆ ಕೊರತೆಯಿರಲಿಲ್ಲ. ಅಪರಾಧದ ವಿಷಯದಲ್ಲಿ ಮೃದು ಎಂಬ ಹಣೆಪಟ್ಟಿಯ ಭಯ ಎಲ್ಲರ ಬಾಯಿ ಕಟ್ಟಿತ್ತು. ಅದಕ್ಕಿಂತ ಆಳವಾದ ಕಾರಣವೂ ಇತ್ತು. ಕೈದಿಗಳಲ್ಲಿ ಹೆಚ್ಚಿನವರು ನ್ಯೂಯಾರ್ಕ್ ನಗರದವರು; ಸೆರೆಮನೆಗಳಲ್ಲಿ ಹೆಚ್ಚಿನವು ಉತ್ತರದ ಗ್ರಾಮೀಣ ಜಿಲ್ಲೆಗಳಲ್ಲಿದ್ದವು. ಕಾರ್ಖಾನೆಗಳು ಮುಚ್ಚಿದ ಆ ಊರುಗಳಿಗೆ ಸೆರೆಮನೆಯೇ ಉದ್ಯೋಗದಾತ. ಜನಗಣತಿಯಲ್ಲಿ ಕೈದಿಗಳನ್ನು ಸೆರೆಮನೆಯಿರುವ ಊರಿನ ನಿವಾಸಿಗಳೆಂದು ಎಣಿಸುತ್ತಿದ್ದರಿಂದ, ಮತದಾನದ ಹಕ್ಕಿಲ್ಲದ ಅವರ ತಲೆಗಳು ಆ ಕ್ಷೇತ್ರಗಳ ಜನಸಂಖ್ಯೆಯನ್ನು ಹಿಗ್ಗಿಸುತ್ತಿದ್ದವು. ರಾಜ್ಯ ಸೆನೆಟ್‌ನಲ್ಲಿ ರಿಪಬ್ಲಿಕನ್ನರ ಬಹುಮತ ಈ ಕ್ಷೇತ್ರಗಳನ್ನು ನೆಚ್ಚಿತ್ತು. ಗೋಡೆಯಂತೆ ನಿಂತವರಲ್ಲಿ ಸೆನೆಟರ್ ಡೇಲ್ ವೋಲ್ಕರ್ ಪ್ರಮುಖರು. ಚಿಕಿತ್ಸೆಗೆ ದಾರಿ ತೆರೆದ 1962ರ ಕಾಯ್ದೆಯ ಹೆಸರಿನಲ್ಲಿರುವ ವೋಲ್ಕರ್ ಇವರ ತಂದೆ.

ಮತ್ತೊಂದೆಡೆ ಜಾನ್ ಡನ್ ಇದ್ದರು. ಲಾಂಗ್ ಐಲೆಂಡ್‌ನ ಈ ರಿಪಬ್ಲಿಕನ್ ಸೆನೆಟರ್ 1973ರ ಕಾನೂನನ್ನು ಬೆಂಬಲಿಸಿ ಮುಂದೆ ತಂದವರಲ್ಲಿ ಒಬ್ಬರು. ಪರಿಣಾಮ ಕಂಡ ಮೇಲೆ ಅದನ್ನು ಕಿತ್ತುಹಾಕುವ ಅಭಿಯಾನಕ್ಕೇ ನಿಂತರು. ತಾವು ಮಾಡಿದ ಕಾನೂನನ್ನು ತಪ್ಪೆಂದು ಸಾರಲು ಬೇಕಾದ ಧೈರ್ಯ ರಾಜಕಾರಣದಲ್ಲಿ ಅಪರೂಪ. ಡನ್ ಅವರ ಮಾತಿಗೆ ಅದರಿಂದಲೇ ತೂಕ ಬಂದಿತ್ತು.

ಕೆಳಮನೆಯಲ್ಲಿ ಈ ಹೊರೆಯನ್ನು ವರ್ಷಾನುಗಟ್ಟಲೆ ಹೊತ್ತವರು ಕ್ವೀನ್ಸ್‌ನ ಕರೋನಾ ಪ್ರದೇಶದ ಸದಸ್ಯ ಜೆಫ್ರಿಯನ್ ಆಬ್ರಿ. ಶಾಸಕರಾಗುವ ಮೊದಲು ಅವರು ಎಲ್ಮ್‌ಕೋರ್ ಎಂಬ ಸಮುದಾಯ ಸಂಸ್ಥೆಯಲ್ಲಿ ದುಡಿದವರು. ವ್ಯಸನಿಗಳಿಗೆ ಚಿಕಿತ್ಸೆ ನೀಡುವ ಸಂಸ್ಥೆಯದು. ವ್ಯಸನವನ್ನು ಕಾಗದದ ಮೇಲಷ್ಟೇ ಕಂಡವರಾಗಿರಲಿಲ್ಲ ಅವರು. ಸುಧಾರಣೆಯ ಮಸೂದೆಯನ್ನು ಅವರು ಮತ್ತೆ ಮತ್ತೆ ಮಂಡಿಸಿದರು. ಸೆನೆಟ್‌ನಲ್ಲಿ ಅದು ಮತ್ತೆ ಮತ್ತೆ ನಿಂತಿತು.

2003–2004: ಮೊದಲ ಬಿರುಕು

2003ರ ಜೂನ್ 4ರಂದು ಹಿಪ್–ಹಾಪ್ ಸಂಗೀತೋದ್ಯಮಿ ರಸೆಲ್ ಸಿಮನ್ಸ್ ನ್ಯೂಯಾರ್ಕ್ ನಗರ ಸಭಾಭವನದ ಬಳಿ ದೊಡ್ಡ ಸಭೆ ಏರ್ಪಡಿಸಿದರು. ಹೆಸರಾಂತ ರ‍್ಯಾಪ್ ಗಾಯಕರು ವೇದಿಕೆ ಹತ್ತಿದರು. ನಂತರ ಗವರ್ನರ್ ಮತ್ತು ಎರಡೂ ಸದನಗಳ ನಾಯಕರೊಡನೆ ಸಿಮನ್ಸ್ ಗಂಟೆಗಟ್ಟಲೆ ಮಾತುಕತೆ ನಡೆಸಿದರೂ ಒಪ್ಪಂದವಾಗಲಿಲ್ಲ. ಆದರೂ ಯುವಜನರಿಗೆ ವಿಷಯ ತಲುಪಿತು.

ನಿಜವಾದ ಪೆಟ್ಟು ಬಿದ್ದದ್ದು ಮತಪೆಟ್ಟಿಗೆಯಲ್ಲಿ. 2004ರ ಸೆಪ್ಟೆಂಬರಿನಲ್ಲಿ ಆಲ್ಬನಿ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ ಸ್ಥಾನದ ಡೆಮಾಕ್ರಟಿಕ್ ಅಭ್ಯರ್ಥಿಯ ಆಯ್ಕೆಗೆ ಚುನಾವಣೆ ನಡೆಯಿತು. ಹಾಲಿ ಅಧಿಕಾರಿ ಪಾಲ್ ಕ್ಲೈನ್ ಸುಧಾರಣೆಯನ್ನು ವಿರೋಧಿಸುತ್ತಿದ್ದವರು. ಅವರ ಕೈಕೆಳಗೆ ದುಡಿದಿದ್ದ ಡೇವಿಡ್ ಸೋರೆಸ್ ರಾಕ್‌ಫೆಲ್ಲರ್ ಕಾನೂನಿನ ಸುಧಾರಣೆಯನ್ನೇ ಪ್ರಚಾರದ ಮುಖ್ಯ ವಿಷಯ ಮಾಡಿಕೊಂಡು ನಿಂತು ಭಾರಿ ಅಂತರದಿಂದ ಗೆದ್ದರು. ಮೃದು ಎನಿಸಿಕೊಂಡವರು ಸೋಲುತ್ತಾರೆಂಬ ನಂಬಿಕೆ ರಾಜಧಾನಿಯ ಅಂಗಳದಲ್ಲಿಯೇ ಸುಳ್ಳಾಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಡಿಸೆಂಬರಿನಲ್ಲಿ, ಪಟಾಕಿ ಮೊದಲ ಸುಧಾರಣಾ ಕಾಯ್ದೆಗೆ ಸಹಿ ಹಾಕಿದರು. ಜೀವಾವಧಿಯ ಬಾಲ ಕಡಿಯಿತು. ಎ–1 ದರ್ಜೆಯಲ್ಲಿ ಮೊದಲ ಬಾರಿಯ ಅಪರಾಧಿಗೆ 8ರಿಂದ 20 ವರ್ಷಗಳ ನಿಶ್ಚಿತ ಅವಧಿ ಬಂತು. ಸ್ವಾಧೀನದ ಮಿತಿ ಎಂಟು ಔನ್ಸ್‌ಗೆ ಏರಿತು. ಜೀವಾವಧಿ ಅನುಭವಿಸುತ್ತಿದ್ದ ಸುಮಾರು 400 ಕೈದಿಗಳು ಹೊಸ ಶಿಕ್ಷೆಗೆ ಅರ್ಜಿ ಹಾಕುವ ಅವಕಾಶ ಪಡೆದರು. ಕೆಳ ದರ್ಜೆಯ ಸಾವಿರಾರು ಕೈದಿಗಳಿಗೆ ಇದರಿಂದ ದೊಡ್ಡ ಪ್ರಯೋಜನವಾಗಲಿಲ್ಲ, ನ್ಯಾಯಾಧೀಶರ ಅಧಿಕಾರವೂ ಮರಳಲಿಲ್ಲ. ತಾಯಂದಿರು ಮನೆಗೆ ಹೋಗಿ ಕೂರದಿದ್ದದ್ದು ಅದಕ್ಕೇ.

2009: ಅಧಿಕಾರ ಮರಳಿದ ವರ್ಷ

ಹಾರ್ಲೆಮ್‌ನ ರಾಜ್ಯ ಸೆನೆಟರ್ ಆಗಿದ್ದ ಡೇವಿಡ್ ಪ್ಯಾಟರ್ಸನ್ 2002ರಲ್ಲಿ ಇದೇ ಕಾನೂನಿನ ವಿರುದ್ಧ ಗವರ್ನರ್ ಅವರ ನ್ಯೂಯಾರ್ಕ್ ನಗರದ ಕಚೇರಿಯೆದುರು ಪ್ರತಿಭಟಿಸಿ ಬಂಧನಕ್ಕೊಳಗಾಗಿದ್ದರು. ಗವರ್ನರ್ ಎಲಿಯಟ್ ಸ್ಪಿಟ್ಜರ್ ಅವರ ರಾಜೀನಾಮೆಯಿಂದ 2008ರ ಮಾರ್ಚ್‌ನಲ್ಲಿ, ಆಗ ಉಪ ಗವರ್ನರ್ ಆಗಿದ್ದ ಪ್ಯಾಟರ್ಸನ್ ಅವರೇ ಗವರ್ನರ್ ಆದರು. ಅದೇ ನವೆಂಬರಿನ ಚುನಾವಣೆಯಲ್ಲಿ, ಹಲವು ದಶಕಗಳ ನಂತರ, ರಾಜ್ಯ ಸೆನೆಟ್ ಡೆಮಾಕ್ರಟರ ಕೈಗೆ ಬಂತು. ಕೆಳಮನೆಯಲ್ಲಿ ಆಬ್ರಿ, ಮೇಲ್ಮನೆಯಲ್ಲಿ ಎರಿಕ್ ಷ್ನೈಡರ್‌ಮನ್ ಮಸೂದೆಯನ್ನು ಮುನ್ನಡೆಸಿದರು. ಡಿಸ್ಟ್ರಿಕ್ಟ್ ಅಟಾರ್ನಿಗಳ ಸಂಘ ತೀವ್ರವಾಗಿ ವಿರೋಧಿಸಿತು: ಸೆರೆಯ ಭಯವಿಲ್ಲದಿದ್ದರೆ ವ್ಯಸನಿಗಳು ಚಿಕಿತ್ಸೆಗೆ ಒಪ್ಪುವುದಿಲ್ಲ, ಮಾರಾಟಗಾರರು ವ್ಯಸನಿಗಳ ಸೋಗಿನಲ್ಲಿ ಪಾರಾಗುತ್ತಾರೆ ಎಂಬುದು ಅವರ ವಾದ.

ಏಪ್ರಿಲ್‌ನಲ್ಲಿ ಕಾನೂನು ಬದಲಾಯಿತು. ಮೊದಲ ಬಾರಿಯ ಬಹುತೇಕ ಕೆಳ ದರ್ಜೆಯ ಅಪರಾಧಗಳಲ್ಲಿ ಕಡ್ಡಾಯ ಸೆರೆ ರದ್ದಾಯಿತು. ವ್ಯಸನಿಯಾದ ಆರೋಪಿಯನ್ನು ಡಿಸ್ಟ್ರಿಕ್ಟ್ ಅಟಾರ್ನಿಯ ಒಪ್ಪಿಗೆಯಿಲ್ಲದೆಯೂ ಚಿಕಿತ್ಸೆಗೆ ಕಳುಹಿಸುವ ಅಧಿಕಾರ ನ್ಯಾಯಾಧೀಶರಿಗೆ ದೊರೆಯಿತು. ಹಳೆಯ ಕಾನೂನಿನಡಿ ಸೆರೆಯಲ್ಲಿದ್ದ ಅರ್ಹ ಕೈದಿಗಳು ಶಿಕ್ಷೆಯ ಮರುನಿರ್ಧಾರ ಕೋರಬಹುದಾಯಿತು. ಪ್ಯಾಟರ್ಸನ್ ಸಹಿಯ ಸಮಾರಂಭವನ್ನು ನಡೆಸಿದ್ದು ಕರೋನಾದ ಎಲ್ಮ್‌ಕೋರ್‌ನಲ್ಲಿ, ಆಬ್ರಿ ಒಮ್ಮೆ ದುಡಿದ ಜಾಗದಲ್ಲಿ.

ನಂತರದ ಸ್ಥಿತಿ

ಕೈದಿಗಳ ಸಂಖ್ಯೆ 1999ರ ಶಿಖರದಿಂದ ಇಳಿಯುತ್ತ ಬಂದು, 2019ರ ವೇಳೆಗೆ 50,000ಕ್ಕೂ ಕೆಳಗಿಳಿಯಿತು. ಈ ಇಳಿಕೆಗೆ ಅಪರಾಧ ಪ್ರಮಾಣ ತಗ್ಗಿದ್ದು, ಬಂಧನಗಳು ಕಡಿಮೆಯಾದದ್ದೂ ಕಾರಣ. ಶಾಸನವೊಂದಕ್ಕೇ ಎಲ್ಲ ಶ್ರೇಯ ಸಲ್ಲುವುದಿಲ್ಲ. 2010ರಲ್ಲಿ ಕ್ಷೇತ್ರ ವಿಂಗಡಣೆಗೆ ಕೈದಿಗಳನ್ನು ಅವರ ಸ್ವಂತ ಊರಿನ ವಿಳಾಸದಲ್ಲಿಯೇ ಎಣಿಸುವ ಕಾನೂನು ಬಂತು. 2011ರಲ್ಲಿ ಗವರ್ನರ್ ಆಂಡ್ರ್ಯೂ ಕ್ವೋಮೊ ಏಳು ಸೆರೆಮನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದರು. ಹಿಂದೆ ಇದೇ ಸುಧಾರಣಾ ಚಳವಳಿಯ ವೇದಿಕೆಗಳಲ್ಲಿ ಕಾಣಿಸಿಕೊಂಡವರು ಅವರು. 2021ರಲ್ಲಿ ವಯಸ್ಕರ ಗಾಂಜಾ ಬಳಕೆಯೇ ರಾಜ್ಯದಲ್ಲಿ ಕಾನೂನುಬದ್ಧವಾಯಿತು.

ತಕ್ಕಡಿ ಮಾತ್ರ ನ್ಯಾಯಾಲಯದಿಂದ ಪೂರ್ತಿ ಹೊರಹೋಗಿಲ್ಲ. 2009ರ ಶಾಸನವು ಎ–1 ದರ್ಜೆಯನ್ನೂ ಅದರ ಔನ್ಸ್‌ಗಳ ಮಿತಿಯನ್ನೂ ಉಳಿಸಿಕೊಂಡಿತು. ಆ ದರ್ಜೆಯ ಆರೋಪಿ ಎಷ್ಟೇ ತೀವ್ರ ವ್ಯಸನಿಯಾಗಿದ್ದರೂ, ಹೊಸ ಶಾಸನ ತೆರೆದ ಚಿಕಿತ್ಸೆಯ ಹಾದಿಗೆ ಅವನನ್ನು ಕಳುಹಿಸುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಡಲಿಲ್ಲ.